ಕ್ರೆಡಿಟ್ ಕಾರ್ಡಿನ ಕಾವಲು: ಅಂಗಡಿಯಿಂದ ಪೆಟ್ರೋಲ್ ಪಂಪಿಗೆ

1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಸುಮಾರು 60,000 ಮಂದಿಗೆ, ಅವರು ಕೇಳದಿದ್ದರೂ, ಕ್ರೆಡಿಟ್ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಇಂಥ ರವಾನೆಯನ್ನು 1970ರಲ್ಲಿ ನಿಷೇಧಿಸಿದ ಅಮೆರಿಕದ ಸಂಸತ್ತು, ಕಳುವಾದ ಕಾರ್ಡಿನ ದುರ್ಬಳಕೆಯಲ್ಲಿ ಕಾರ್ಡುದಾರನ ಹೊಣೆ 50 ಡಾಲರನ್ನು ಮೀರಕೂಡದೆಂದು ಕಾನೂನು ಮಾಡಿತು. ಮಿಕ್ಕ ನಷ್ಟ ಬ್ಯಾಂಕಿನದೋ ವ್ಯಾಪಾರಿಯದೋ ಎಂಬುದನ್ನು ಕಾರ್ಡ್ ಸಂಸ್ಥೆಗಳ ಒಳನಿಯಮಗಳು ತೀರ್ಮಾನಿಸುತ್ತ ಬಂದವು. ಕಾರ್ಡಿನ ರಕ್ಷಣೆ ಬೆಳೆದ ಬಗೆಯನ್ನು ಕಳ್ಳರ ಚಾತುರ್ಯಕ್ಕಿಂತ ಈ ತೀರ್ಮಾನವೇ ಚೆನ್ನಾಗಿ ವಿವರಿಸುತ್ತದೆ.

ಅಂಗಡಿಯಲ್ಲಿ ಕಾವಲು ಮನುಷ್ಯನ ಕಣ್ಣಿಗೆ ಸೇರಿತ್ತು. ಅಂಗಡಿಯವನು ಕಾರ್ಡನ್ನು ಕೈಯಂತ್ರದಲ್ಲಿಟ್ಟು, ಅದರ ಮೇಲೆ ಕಾರ್ಬನ್ ಸೇರಿದ ಚೀಟಿಯನ್ನು ಹಾಸಿ, ಹಿಡಿಕೆಯನ್ನು ಆಚೀಚೆ ಎಳೆದರೆ ಉಬ್ಬಿದ ಅಂಕಿಗಳು ಚೀಟಿಯಲ್ಲಿ ಮೂಡುತ್ತಿದ್ದವು. ಗಿರಾಕಿಯ ರುಜುವನ್ನು ಕಾರ್ಡಿನ ಹಿಂಬದಿಯ ರುಜುವಿನೊಡನೆ ತಾಳೆ ನೋಡುವುದು, ಕಳುವಾದ ಕಾರ್ಡುಗಳ ಮುದ್ರಿತ ಪಟ್ಟಿಯನ್ನು ತಿರುವಿಹಾಕುವುದು, ಮತ್ತು ವಿಚಾರಿಸದೆ ಮಾರಬಹುದಾದ ಗರಿಷ್ಠ ಮೊತ್ತವನ್ನು, ಅಂದರೆ ‘ಫ್ಲೋರ್ ಲಿಮಿಟ್’ ಅನ್ನು, ವ್ಯಾಪಾರ ಮೀರಿದರೆ ಫೋನ್ ಮಾಡಿ ಒಪ್ಪಿಗೆ ಪಡೆಯುವುದು ಅವನ ಪಾಲಿನ ಕೆಲಸವಾಗಿತ್ತು. ಗಿರಾಕಿಗಳ ಸಾಲು ಬೆಳೆದಾಗ ಈ ಕೆಲಸ ಎಷ್ಟು ಶ್ರದ್ಧೆಯಿಂದ ನಡೆದೀತು ಎಂಬುದು ಊಹೆಗೆ ಬಿಟ್ಟದ್ದು. ಬಿಸಾಡಿದ ಕಾರ್ಬನ್ ಹಾಳೆಯಲ್ಲಿಯೂ ಅಂಕಿಗಳು ಉಳಿಯುತ್ತಿದ್ದುದರಿಂದ ಕಸದ ಬುಟ್ಟಿಯೂ ಕಳ್ಳರಿಗೆ ನೆರವಾಯಿತು.

ಗಿರಾಕಿ ತಾನೇ ಕಾರ್ಡು ಉಜ್ಜಿ ಪೆಟ್ರೋಲ್ ತುಂಬಿಕೊಳ್ಳುವ ಪಂಪಿನಲ್ಲಿ ಆ ಕಣ್ಣೂ ಇರಲಿಲ್ಲ. ಕಾರ್ಡಿನ ಕಾಂತಪಟ್ಟಿಯಲ್ಲಿನ ಮಾಹಿತಿಯನ್ನು ನಕಲು ಮಾಡಿಕೊಳ್ಳುವ ‘ಸ್ಕಿಮ್ಮರ್’ ಎಂಬ ಪುಟ್ಟ ಸಾಧನವನ್ನು ಪಂಪಿನೊಳಗೆ ಅಡಗಿಸಿಡುವುದು ಸುಲಭವಾಗಿತ್ತು. ಇದಕ್ಕೆ ಎದುರಾಗಿ, ವಿಳಾಸದ ಅಂಚೆ ಸಂಕೇತವನ್ನು ಒತ್ತಿಸುವ ಕ್ರಮ ಅಮೆರಿಕದಲ್ಲಿ ಬಳಕೆಗೆ ಬಂದಿತು. ನಕಲಿಗೆ ಸುಲಭವಾಗಿ ಸಿಕ್ಕದ ಚಿಪ್ಪನ್ನು ಫ್ರಾನ್ಸಿನ ಬ್ಯಾಂಕುಗಳು 1992ರ ಹೊತ್ತಿಗೇ ಎಲ್ಲ ಕಾರ್ಡುಗಳಿಗೂ ಅಳವಡಿಸಿದ್ದರೆ, ಅಮೆರಿಕದ ಅಂಗಡಿಗಳಲ್ಲಿ ಚಿಪ್ ವ್ಯವಸ್ಥೆಗೆ ಬಾರದವರ ಮೇಲೆಯೇ ನಕಲಿ ಕಾರ್ಡಿನ ನಷ್ಟ ಬೀಳುವ ನಿಯಮ ಜಾರಿಗೆ ಬಂದದ್ದು 2015ರ ಅಕ್ಟೋಬರಿನಲ್ಲಿ. ಪಂಪುಗಳಿಗೆ 2017 ಎಂದು ಗೊತ್ತುಮಾಡಿದ್ದ ಗಡುವು 2020ಕ್ಕೂ, ಬಳಿಕ 2021ರ ಏಪ್ರಿಲ್‌ಗೂ ಸರಿಯಿತು. ಹಳೆಯ ಪಂಪನ್ನೇ ಬದಲಿಸಬೇಕಾದ ಕಡೆ ಖರ್ಚು ಭಾರಿಯಾಗಿತ್ತೆಂಬುದು ನಿಜವಾದರೂ, ಕಾವಲೇ ಇಲ್ಲದ ಜಾಗಕ್ಕೆ ಕಾವಲು ಕೊನೆಯಲ್ಲಿ ಬಂದದ್ದನ್ನು ಸಮರ್ಥಿಸುವುದು ಕಷ್ಟ.

ಭಾರತದ ಪೆಟ್ರೋಲ್ ಬಂಕುಗಳಲ್ಲಿ ಇಂಧನ ತುಂಬುವುದು ಇಂದಿಗೂ ಬಹುಮಟ್ಟಿಗೆ ಸಿಬ್ಬಂದಿಯ ಕೆಲಸವಾದ್ದರಿಂದ ಮನುಷ್ಯನ ಕಣ್ಣಿಲ್ಲದ ಕಡೆ ಕಾವಲು ಹೇಗೆ ಎಂಬ ಪ್ರಶ್ನೆ ಇಲ್ಲಿ ಮೊದಲು ಎದುರಾದದ್ದು ಅಂತರ್ಜಾಲದ ಖರೀದಿಯಲ್ಲಿ. ಅಂಥ ಖರೀದಿಗೆ ಕಾರ್ಡಿನ ಮೇಲಿನ ವಿವರವಲ್ಲದೆ ಎರಡನೆಯ ದೃಢೀಕರಣವನ್ನೂ ರಿಸರ್ವ್ ಬ್ಯಾಂಕು 2009ರಲ್ಲಿ ಕಡ್ಡಾಯಗೊಳಿಸಿತು. ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಲೋಪದಿಂದ ಹಣ ಹೋದಾಗ, ಬ್ಯಾಂಕಿನ ಸೂಚನೆ ಕೈಸೇರಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕನಿಗೆ ನಷ್ಟದ ಹೊಣೆ ಇಲ್ಲವೆಂದು ಅದರ 2017ರ ಸುತ್ತೋಲೆ ವಿಧಿಸಿತು.