ಲಕ್ವ: ಒಂದು ಹೆಸರು, ಎರಡು ಕಾಯಿಲೆ

ಎರಡನೇ ಮಹಾಯುದ್ಧ ಕಾಲದ ಕಲ್ಯಾಣ್ ಮಿಲಿಟರಿ ಶಿಬಿರದಲ್ಲಿ, ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆ ನಿಂತರು. 1949ರಲ್ಲಿ ಉಲ್ಹಾಸ್ ನದಿಯ ಹೆಸರಿಂದ ಅದು ಉಲ್ಹಾಸನಗರವಾಯಿತು. ಸಿಂಧಿ, ಮರಾಠಿ, ಹಿಂದಿ, ಉರ್ದು ಎಲ್ಲ ಕಲೆತ ಈ ಊರಲ್ಲಿ ಒಂದು ಕಾಯಿಲೆಯ ಹೆಸರು ಎಲ್ಲರಿಗೂ ಗೊತ್ತು: ಲಕ್ವ. ನಮ್ಮ ಕನ್ನಡದಲ್ಲೂ "ಲಕ್ವ ಹೊಡೀತು" ಅಂತಲೇ ಹೇಳ್ತೇವೆ.

ಪದ ಅರಬ್ಬಿಯದು. ಹಳೆಯ ವೈದ್ಯಗ್ರಂಥಗಳಲ್ಲಿ ಲಕ್ವ ಅಂದರೆ ಮುಖ ಒಂದು ಕಡೆಗೆ ವಾಲುವುದು. ಕೈಕಾಲು ಬಿದ್ದುಹೋಗುವುದಕ್ಕೆ ಫಾಲಿಜ್ ಎಂಬ ಬೇರೆ ಹೆಸರಿತ್ತು. ಉರ್ದುವಿನಲ್ಲಿ ಈ ವ್ಯತ್ಯಾಸ ಇನ್ನೂ ಉಳಿದಿದೆ. ಕನ್ನಡಕ್ಕೆ ಬರುವಷ್ಟರಲ್ಲಿ ಎರಡೂ ಕಲಸಿಹೋದವು.

ಇರಾನಿನ ರೇ ನಗರದ ವೈದ್ಯ ಅಬೂ ಬಕರ್ ಅಲ್ ರಾಝಿ (865–925) 'ಅಲ್ ಹಾವಿ'ಯಲ್ಲಿ ಮಿದುಳಿನಿಂದ ಬರುವ ಲಕ್ವವನ್ನೂ ನರದಿಂದ ಬರುವುದನ್ನೂ ಬೇರ್ಪಡಿಸಿದರು. ಹಣೆಯ ನೆರಿಗೆ ಮಾಯವಾಗುವುದನ್ನು ಗುರುತಿಸಿದರು. 1279ರಲ್ಲಿ ಈ ಗ್ರಂಥ ಲ್ಯಾಟಿನ್‌ಗೆ ಹೋಯಿತು. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಮುಖದ ನರದ ಕೆಲಸವನ್ನು ವಿವರಿಸಿದ್ದು 1821ರಲ್ಲಿ. ಇಂದು ಕಾಯಿಲೆಗಿರುವುದು ಅವರದೇ ಹೆಸರು: ಬೆಲ್ಸ್ ಪಾಲ್ಸಿ.

ಹಣೆ ಯಾಕೆ ಮುಖ್ಯ? ಮುಖದ ಮೇಲ್ಭಾಗಕ್ಕೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಪಾರ್ಶ್ವವಾಯುವಿನಲ್ಲಿ ಬಾಯಿ ವಾಲಿದರೂ ಸಾಮಾನ್ಯವಾಗಿ ಹಣೆ ನೆರಿಗೆಗಟ್ಟುತ್ತದೆ, ರೆಪ್ಪೆ ಮುಚ್ಚುತ್ತದೆ. ಮುಖದ ನರವೇ ಕೆಟ್ಟರೆ ಎರಡೂ ಆಗುವುದಿಲ್ಲ. ಕುಷ್ಠರೋಗ ಈ ನರಕ್ಕೆ ತಗುಲಿದಾಗಲೂ ರೆಪ್ಪೆ ತೆರೆದೇ ಉಳಿಯುತ್ತದೆ.

ಹೆಸರು ಕಲಸಿದ್ದರಿಂದ ಆಗುವ ನಷ್ಟ ಸಣ್ಣದಲ್ಲ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಇರುವುದು ಸುಮಾರು ನಾಲ್ಕೂವರೆ ಗಂಟೆ. "ಲಕ್ವ ತಾನೇ" ಅಂತ ಎಣ್ಣೆ ತಿಕ್ಕುತ್ತ ಕೂತರೆ ಆ ಹೊತ್ತು ಮುಗಿದಿರುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ಆದರೆ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಮನೆಯವರೆಲ್ಲ ವಾಲಿದ ಬಾಯಿಯನ್ನೇ ನೋಡುತ್ತಾರೆ; ಮುಚ್ಚದ ಕಣ್ಣು ಒಣಗಿ, ಕರಿಗುಡ್ಡೆಯ ಮೇಲಿನ ಪದರ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಹಗಲು ಕಣ್ಣಿನ ಹನಿ, ರಾತ್ರಿ ಮುಲಾಮು ಹಾಕಿ ವೈದ್ಯರು ತೋರಿಸಿದಂತೆ ರೆಪ್ಪೆಗೆ ಪಟ್ಟಿ ಅಂಟಿಸುವುದು: ಇಷ್ಟರಿಂದಲೇ ಎಷ್ಟೋ ಕಣ್ಣು ಉಳಿಯುತ್ತವೆ.

ಹಾಗಂತ ಮನೆಯಲ್ಲೇ ಹಣೆ ಪರೀಕ್ಷಿಸಿ ತೀರ್ಮಾನಿಸುವುದಲ್ಲ. ಮುಖ ದಿಢೀರನೆ ವಾಲಿದರೆ ಮೊದಲು ಆಸ್ಪತ್ರೆ. ಯಾವ ಲಕ್ವ ಅಂತ ಅಲ್ಲಿ ನೋಡಲಿ. ಸಾವಿರ ವರ್ಷದ ಹಿಂದೆ ರಾಝಿ ಕೇಳಿದ ಪ್ರಶ್ನೆಯೂ ಅದೇ.