ಸೂಜಿ ಹಿಡಿಯದ ಕೈ

ಆಸ್ಪತ್ರೆಯಲ್ಲಿ ರೋಗಿಗೆ ಗ್ಲೂಕೋಸ್ ಏರಿಸುವುದನ್ನು ನೋಡದವರು ವಿರಳ. ನೋಡುವವರ ಕಣ್ಣೆಲ್ಲ ನರ್ಸಮ್ಮನ ಬಲಗೈಯ ಮೇಲೆ. ಸೂಜಿಯಿರುವುದು ಅಲ್ಲಿ ತಾನೆ? ಎಡಗೈ ಏನು ಮಾಡುತ್ತಿದೆಯೆಂದು ಯಾರೂ ಗಮನಿಸುವುದಿಲ್ಲ. ಆದರೆ ಸೂಜಿ ಒಳಹೊಕ್ಕಿತೆ, ತಪ್ಪಿತೆ ಎಂಬುದು ಬಹುಮಟ್ಟಿಗೆ ಆ ಎಡಗೈಯನ್ನೇ ಅವಲಂಬಿಸಿದೆ. ಅದರ ಕೆಲಸಕ್ಕೆ ಬಹು ಹಳೆಯ ಚರಿತ್ರೆಯಿದೆ.

ಮನೆಮಾತಿನಲ್ಲಿ ನಾವು ‘ನರ’ ಎಂದುಬಿಡುವ ಸಿರೆಯು ಚರ್ಮದ ಕೆಳಗೆ ಸಡಿಲವಾಗಿ ಮಲಗಿರುವ ಮೆತ್ತನೆಯ ಕೊಳವೆ. ಸೂಜಿ ತಾಗಿದೊಡನೆ ಅದು ಪಕ್ಕಕ್ಕೆ ಸರಿಯುತ್ತದೆ. ಇದನ್ನು ನಮ್ಮ ಸುಶ್ರುತನು ಚೆನ್ನಾಗಿ ಬಲ್ಲವನಾಗಿದ್ದ. ಸಿರೆಗಳು ಸ್ವಭಾವತಃ ಚಂಚಲವಾದವು, ಮೀನಿನ ಹಾಗೆ ಹೊರಳುವಂಥವು. ಆದಕಾರಣ ಈ ವಿದ್ಯೆಯಲ್ಲಿ ಪೂರ್ತಿ ಪಳಗಿದವನೆಂಬುವನೇ ಇಲ್ಲ ಎಂದು ಅವನ ಸಂಹಿತೆಯ ಶಾರೀರಸ್ಥಾನವು ಎಚ್ಚರಿಸುತ್ತದೆ. ಅವನು ಸಿರೆಯನ್ನು ಚುಚ್ಚುತ್ತಿದ್ದುದು ರಕ್ತವನ್ನು ಹೊರತೆಗೆಯುವುದಕ್ಕೆ, ಔಷಧವನ್ನು ಒಳಸೇರಿಸುವುದಕ್ಕಲ್ಲ. ಆದರೂ ಕೈಯ ತೊಡಕು ಒಂದೇ. ಕೆಟ್ಟ ವೇಧನೆಯಲ್ಲಿ ಅವನು 20 ಬಗೆಗಳನ್ನು ಎಣಿಸಿದ್ದಾನೆ. ಅಳತೆ ಮೀರಿ ಚುಚ್ಚಿದ್ದು ‘ಅತಿವಿದ್ಧ’; ಆಗ ರಕ್ತ ಒಳಗೇ ಸೋರುತ್ತದೆ. ಶಿಷ್ಯರು ಈ ಕೆಲಸವನ್ನು ಮೊದಲು ಸತ್ತ ಪ್ರಾಣಿಗಳ ಸಿರೆಗಳ ಮೇಲೂ ನೈದಿಲೆಯ ದಂಟಿನ ಮೇಲೂ ಅಭ್ಯಾಸ ಮಾಡಬೇಕೆಂದು ಅವನ ವಿಧಿ.

ಸಿರೆಯ ಮೂಲಕ ಔಷಧವನ್ನು ಒಳಗೆ ಕಳುಹಿಸುವ ಯೋಚನೆಗೆ ಬಲ ಬಂದದ್ದು, ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ ಮೇಲೆ. ಮುಂದೆ ಲಂಡನ್ನಿನ ಸೇಂಟ್ ಪಾಲ್ ಮಂದಿರವನ್ನು ಕಟ್ಟಿ ಹೆಸರಾದ ಕ್ರಿಸ್ಟಫರ್ ರೆನ್, 1656ರಲ್ಲಿ ಆಕ್ಸ್‌ಫರ್ಡಿನಲ್ಲಿ ನಾಯಿಯೊಂದರ ಸಿರೆಗೆ ಅಫೀಮಿನ ದ್ರವವನ್ನು ಹೊಗಿಸಿದನು. ಅವನ ಗೆಳೆಯ ರಾಬರ್ಟ್ ಬಾಯ್ಲ್ ಈ ಪ್ರಯೋಗವನ್ನು ವರ್ಣಿಸುತ್ತ ಒಂದು ಸಣ್ಣ ಹಿತ್ತಾಳೆಯ ತಗಡಿನ ಸಂಗತಿಯನ್ನು ಹೇಳುತ್ತಾನೆ. ಅದು ಹೆಬ್ಬೆರಳಿನ ಉಗುರಿನಂತೆ ಬಾಗಿದ್ದು, ಅದಕ್ಕಿಂತ ಕೊಂಚ ಉದ್ದವಾಗಿತ್ತು. ಮೂಲೆಗಳಲ್ಲಿ ದಾರ ಪೋಣಿಸಲು ನಾಲ್ಕು ತೂತು, ನಡುವೆ ಉದ್ದನೆಯ ಸೀಳು. ತಗಡನ್ನು ಸಿರೆಗೆ ಬಿಗಿದರೆ ಸೀಳಿನಲ್ಲಿ ಸಿರೆ ಕಾಣುತ್ತಿತ್ತು, ಅತ್ತಿತ್ತ ಸರಿಯುತ್ತಿರಲಿಲ್ಲ. ಸುಶ್ರುತನ ಮೀನನ್ನು ರೆನ್ ಕಟ್ಟಿಹಾಕಿದ್ದು ಹೀಗೆ.

ಸಿರೆಯನ್ನು ಹೊಕ್ಕರೆ ಸಾಲದು, ಅಲ್ಲಿ ನೆಲೆನಿಲ್ಲಬೇಕು. 1832ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಾಲರಾ ಹಬ್ಬಿದಾಗ ಲೀತಿನ ವೈದ್ಯ ತಾಮಸ್ ಲಾಟ್ಟಾ, ಸಾವಿನ ಅಂಚಿನಲ್ಲಿದ್ದ ಮುದುಕಿಯೊಬ್ಬಳ ತೋಳಿನ ಸಿರೆಗೆ ಕೊಳವೆಯಿಟ್ಟು ಸುಮಾರು ಆರು ಪೈಂಟು ಉಪ್ಪುನೀರನ್ನು ಏರಿಸಿದನು. ಬತ್ತಿದ ಮುಖದಲ್ಲಿ ಕಳೆ ಬಂತು, ನಾಡಿ ಮರಳಿತು. ಆದರೆ ಅವನು ಹೋದ ಮೇಲೆ ವಾಂತಿಭೇದಿ ಮರುಕಳಿಸಿತು, ಮತ್ತೆ ನೀರೇರಿಸಲಿಲ್ಲ, ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡಳು. ಇನ್ನೊಮ್ಮೆ ಏರಿಸಿದ್ದರೆ ಉಳಿಯುತ್ತಿದ್ದಳೆಂಬುದು ಲಾಟ್ಟಾನ ನಂಬಿಕೆಯಾಗಿತ್ತು.

1853ರ ಸುಮಾರಿಗೆ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್, ಲಿಯೋನ್ ನಗರದ ಶಾರ್ಲ್ ಪ್ರವಾಜ್ ಮೊದಲಾದವರಿಂದ ಟೊಳ್ಳು ಸೂಜಿಯ ಪಿಚಕಾರಿ ಬಳಕೆಗೆ ಬಂದಿತು. ಮುಂದೆ ಗಂಟೆಗಟ್ಟಲೆ ದ್ರವವನ್ನು ಏರಿಸಬೇಕಾದಾಗ ಉಕ್ಕಿನ ಸೂಜಿಯನ್ನೇ ಸಿರೆಯಲ್ಲಿ ಬಿಟ್ಟು, ತೋಳನ್ನು ಹಲಗೆಗೆ ಕಟ್ಟುತ್ತಿದ್ದರು. ರೋಗಿ ಕೊಂಚ ಹೊರಳಿದರೂ ಸೂಜಿಯ ಮೊನೆ ಸಿರೆಯ ಗೋಡೆಯನ್ನು ತೂರಿ ಕೈ ಊದಿಕೊಳ್ಳುತ್ತಿತ್ತು. ಈ ಕಷ್ಟಕ್ಕೆ ದಾರಿ ತೋರಿದವನು ಅಮೆರಿಕದ ರಾಚೆಸ್ಟರಿನ ಮೇಯೋ ಕ್ಲಿನಿಕ್ಕಿನ ಡೇವಿಡ್ ಮಾಸ್ಸಾ. 1950ರಲ್ಲಿ ಅವನೂ ಅವನ ಸಂಗಡಿಗರೂ ಪ್ರಕಟಿಸಿದ ಉಪಾಯ ಸರಳವಾದುದು: ಉಕ್ಕಿನ ಸೂಜಿಗೆ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸುವುದು; ಎರಡನ್ನೂ ಒಟ್ಟಿಗೆ ಸಿರೆಗೆ ಹೊಗಿಸಿ, ಕೊಳವೆಯನ್ನು ಒಳಗುಳಿಸಿ ಸೂಜಿಯನ್ನು ಸೆಳೆದುಬಿಡುವುದು. ಇಂದಿನ ಕ್ಯಾನುಲಾ ಅದರ ಸಂತತಿಯೇ.

ಹೊಕ್ಕ ಮೇಲೆ ನಿಲ್ಲುವ ತೊಡಕು ಹೀಗೆ ಬಹಳಷ್ಟು ನೀಗಿತು. ಹೊಗುವ ಗಳಿಗೆಯ ತೊಡಕು ಮಾತ್ರ ಕೈಗೇ ಉಳಿಯಿತು. ಪಳಗಿದ ನರ್ಸಮ್ಮನನ್ನು ಗಮನಿಸಿ ನೋಡಿ. ಚುಚ್ಚುವ ಜಾಗದ ಕೆಳಗೆ ಎಡಗೈಯ ಹೆಬ್ಬೆರಳನ್ನೂರಿ ಚರ್ಮವನ್ನು ತನ್ನತ್ತ ಎಳೆದು ಹಿಡಿಯುತ್ತಾರೆ. ಸಿರೆ ಬಿಗಿದ ದಾರದಂತೆ ನೆಟ್ಟಗಾಗುತ್ತದೆ. ಬಲಗೈಯ ಅಂಚು ರೋಗಿಯ ತೋಳಿನ ಮೇಲೆ ಒರಗಿರುತ್ತದೆ. ತೋಳು ಅಲುಗಿದರೆ ಕೈಯೂ ಅದರೊಡನೆ ಅಲುಗಬೇಕು, ಸೂಜಿ ಒಂಟಿಯಾಗಬಾರದು. ಸೂಜಿ ಹೆಚ್ಚು ಕಡಿದಾಗಿರದೆ ಓರೆಯಾಗಿ ಹೊಗುತ್ತದೆ. ಹಿಂಬದಿಯಲ್ಲಿ ರಕ್ತ ಕಂಡೊಡನೆ ಹೊಸಬರು ಗೆದ್ದೆವೆಂದು ಎಡಗೈಯನ್ನು ಸಡಿಲಿಸುತ್ತಾರೆ, ತಪ್ಪುವುದು ಅಲ್ಲಿಯೇ. ಸೂಜಿಯ ಮೊನೆ ಕೊಳವೆಯ ತುದಿಗಿಂತ ತುಸು ಮುಂದಿರುವುದರಿಂದ, ಆಗ ಸಿರೆಯೊಳಗಿರುವುದು ಮೊನೆ ಮಾತ್ರ. ಕೊಳವೆ ಇನ್ನೂ ಹೊರಗಿರಬಹುದು. ಅನುಭವಿಗಳು ಸೂಜಿಯನ್ನು ತಗ್ಗಿಸಿ, ಕೂದಲೆಳೆಯಷ್ಟು ಮುಂದೊತ್ತಿ, ಅದನ್ನು ಅಲುಗದಂತೆ ಹಿಡಿದು ಕೊಳವೆಯನ್ನಷ್ಟೇ ಜಾರಿಸುತ್ತಾರೆ. ಅಲ್ಲಿಯವರೆಗೂ ಎಡಗೈ ಬಿಗಿ ಬಿಡುವುದಿಲ್ಲ. ರೆನ್ನನ ತಗಡಿನ ಕೆಲಸ ಹೆಬ್ಬೆರಳಿಗೆ ಬಂದಿದೆ.

ವಯಸ್ಸಾದವರ ಕೈಯಲ್ಲಿ ಸಿರೆಗಳು ಹುರಿಯಂತೆ ಎದ್ದು ಕಾಣುತ್ತವೆ, ಸುಲಭವೆನಿಸುತ್ತದೆ. ಆದರೆ ಸುತ್ತಲಿನ ಹಿಡಿತ ಸಡಿಲಿರುವುದರಿಂದ ಬಹಳವಾಗಿ ಜಾರುವುದೂ ಅವೇ. ಒಂದೊಂದು ಸಲ ತಪ್ಪಿದಾಗಲೂ ರೋಗಿಗೆ ಒಂದು ಸಿರೆ ಕಡಮೆಯಾದಂತೆ. ಈಗಿನ ವಿದ್ಯಾರ್ಥಿಗಳಿಗೆ ನೈದಿಲೆಯ ದಂಟಿನ ಬದಲು ರಬ್ಬರಿನ ತೋಳು ದೊರೆತಿದೆ. ಅದರಲ್ಲಿ ದಾರಿಯನ್ನು ಕಲಿಯಬಹುದು. ಮೀನಿನಂತೆ ಹೊರಳುವ ಸಿರೆಯ ಪಾಠ ಮಾತ್ರ ಇಂದಿಗೂ ಪೂರ್ಣವಾಗುವುದು ನೋವು ತಿನ್ನುವ ಮನುಷ್ಯನ ತೋಳಿನ ಮೇಲೆಯೇ. ಆ ಪಾಠವನ್ನು ಹೇಳಿಕೊಡುವವರು ಬಲಗೈಗಿಂತ ಮೊದಲು ಎಡಗೈಯನ್ನು ತಿದ್ದಿದರೆ, ಎಷ್ಟೋ ಜನ ರೋಗಿಗಳ ನೋವು ಉಳಿದೀತು.