ಐರ್ಲೆಂಡಿನ ಡೇಟಾ ಸೆಂಟರ್: ಲಾಭ ಯಾರ ಖಾತೆಗೆ, ಬಿಲ್ಲು ಯಾರ ಮನೆಗೆ?

2023ರಲ್ಲಿ ಐರ್ಲೆಂಡಿನ ಪಟ್ಟಣ–ನಗರಗಳ ಮನೆಗಳೆಲ್ಲ ಸೇರಿ ಬಳಸಿದ ಕರೆಂಟು ದೇಶದ ಒಟ್ಟು ಬಳಕೆಯ ಶೇ 18ರಷ್ಟಿತ್ತು. ಅದೇ ವರ್ಷ ಡೇಟಾ ಸೆಂಟರ್‌ಗಳ ಪಾಲು ಶೇ 21. ಪಟ್ಟಣ–ನಗರಗಳ ಮನೆಗಳ ದೀಪ, ಒಲೆ, ಹೀಟರ್‌ಗಳನ್ನೆಲ್ಲ ಸರ್ವರ್‌ಗಳು ಹಿಂದೆ ಹಾಕಿದ್ದವು. ಐರ್ಲೆಂಡಿನ ಜನಸಂಖ್ಯೆ 54 ಲಕ್ಷದ ಆಸುಪಾಸು. ಬೆಂಗಳೂರಿನ ಜನ ಅದಕ್ಕಿಂತ ಹೆಚ್ಚು. ಭಾರತದಲ್ಲಿ ಈಗ ದಿನ ಬೆಳಗಾದರೆ ಡೇಟಾ ಸೆಂಟರ್ ಹೂಡಿಕೆಯ ಘೋಷಣೆಗಳು ಕೇಳಿಬರುತ್ತಿವೆ. ಈ ಹಾದಿಯಲ್ಲಿ ನಮಗಿಂತ ಹದಿನೈದು ವರ್ಷ ಮುಂದೆ ನಡೆದು, ಲಾಭ–ನಷ್ಟ ಎರಡನ್ನೂ ಉಂಡ ದೇಶ ಐರ್ಲೆಂಡ್.

ಶುರುವಾದ ಕಾಲವನ್ನು ನೆನಪಿಡಬೇಕು. 2008ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಮುಗ್ಗರಿಸಿದವು, ರಿಯಲ್ ಎಸ್ಟೇಟ್ ಗುಳ್ಳೆ ಒಡೆಯಿತು, 2010ರಲ್ಲಿ ದೇಶ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಿತು. ಅಮೆಜಾನ್ ತನ್ನ ಕ್ಲೌಡ್ ಸೇವೆಯನ್ನು 2007ರಲ್ಲೇ ಐರ್ಲೆಂಡಿಗೆ ತಂದಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ಡಬ್ಲಿನ್‌ನ ಪಶ್ಚಿಮ ಅಂಚಿನ ಗ್ರೇಂಜ್ ಕ್ಯಾಸಲ್‌ನಲ್ಲಿ 50 ಕೋಟಿ ಡಾಲರ್ ಸುರಿದು, ಅಮೆರಿಕದ ಹೊರಗಿನ ತನ್ನ ಮೊದಲ ಬೃಹತ್ ಡೇಟಾ ಸೆಂಟರ್ ತೆರೆಯಿತು. ಆಮೇಲೆ ಗೂಗಲ್ ಅದೇ ಬಡಾವಣೆಗೆ ಬಂತು, ಫೇಸ್‌ಬುಕ್ ಪಕ್ಕದ ಮೀತ್ ಜಿಲ್ಲೆಯ ಕ್ಲೋನಿಗೆ ಹೋಯಿತು. ಶೇ 12.5ರ ಕಂಪನಿ ತೆರಿಗೆ, ಇಂಗ್ಲಿಷ್ ಬಲ್ಲ ಕೆಲಸಗಾರರು, ಡಬ್ಲಿನ್ ಸುತ್ತ ಎಳೆದಿದ್ದ ಟಿ50 ಎಂಬ ಫೈಬರ್ ಜಾಲ ಎಲ್ಲವೂ ಕಾರಣಗಳೇ. ಜೊತೆಗೆ ಚಳಿ. ಗ್ರೇಂಜ್ ಕ್ಯಾಸಲ್‌ನ ಕಟ್ಟಡಕ್ಕೆ ವರ್ಷದ ಬಹುಪಾಲು ಹೊರಗಿನ ಗಾಳಿಯೇ ಸಾಕು. ಫ್ಯಾನ್‌ಗಳು ಅದನ್ನು ಒಳಗೆಳೆದು, ಸರ್ವರ್ ಸಾಲುಗಳ ಮೇಲೆ ಹಾಯಿಸಿ, ಬಿಸಿಯಾದದ್ದನ್ನು ಹೊರಗೆ ತಳ್ಳುತ್ತವೆ.

ಆ ಹೊತ್ತಿಗೆ ಐರ್ಲೆಂಡಿನಲ್ಲಿ ಮನೆ ಕಟ್ಟುವ ಕೆಲಸ ನಿಂತು ಸಾವಿರಾರು ಎಲೆಕ್ಟ್ರಿಷಿಯನ್‌ಗಳು, ಪೈಪ್ ಫಿಟ್ಟರ್‌ಗಳು ಖಾಲಿ ಕೂತಿದ್ದರು. ಅಂಥವರಿಗೆ ಡೇಟಾ ಸೆಂಟರ್ ಕೆಲಸ ಕೊಟ್ಟಿತು. ಇಡೀ ಕಥೆಯಲ್ಲಿ ನನಗೆ ನಿಜಕ್ಕೂ ಗಟ್ಟಿ ಅನ್ನಿಸುವ ಲಾಭ ಇದೇ, ಆದರೆ ಸಚಿವರ ಭಾಷಣಗಳಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ. ಡೇಟಾ ಸೆಂಟರ್‌ನಲ್ಲಿ ಗೋಡೆ, ಚಾವಣಿಗಿಂತ ದುಬಾರಿಯಾದದ್ದು ಒಳಗಿನ ವಿದ್ಯುತ್ ಮತ್ತು ತಂಪು ವ್ಯವಸ್ಥೆ. ಸರ್ವರ್‌ಗಳು ಬರುವ ಮುನ್ನ ಖಾಲಿ ಹಾಲ್‌ನಲ್ಲಿ ಲೋಡ್ ಬ್ಯಾಂಕ್ ಎಂಬ ದೊಡ್ಡ ಹೀಟರ್‌ಗಳನ್ನಿಟ್ಟು ಸರ್ವರ್‌ಗಳಷ್ಟೇ ಕರೆಂಟು ಎಳೆಸುತ್ತಾರೆ, ಅಷ್ಟೇ ಶಾಖ ಹೊರಡಿಸುತ್ತಾರೆ. ಆಮೇಲೆ ಬೇಕೆಂದೇ ಮುಖ್ಯ ಲೈನ್ ಕಡಿದು, ಬ್ಯಾಟರಿ ಹಿಡಿಯುತ್ತದೆಯೇ, ಡೀಸೆಲ್ ಜನರೇಟರ್‌ಗಳು ಸಕಾಲಕ್ಕೆ ಏಳುತ್ತವೆಯೇ, ಕೂಲಿಂಗ್ ಕೈಕೊಡುತ್ತದೆಯೇ ಎಂದು ನೋಡುತ್ತಾರೆ. ಈ ಕಸುಬನ್ನು ಡಬ್ಲಿನ್‌ನಲ್ಲಿ ಕಲಿತ ಮರ್ಕ್ಯುರಿ, ಕರ್ಬಿ, ಜೋನ್ಸ್, ವಿಂತ್ರಾಪ್, ಕಾಲೆನ್‌ನಂಥ ಐರಿಷ್ ಗುತ್ತಿಗೆ ಕಂಪನಿಗಳು ಇವತ್ತು ಯುರೋಪಿನ ಬೇರೆ ದೇಶಗಳಲ್ಲೂ ಡೇಟಾ ಸೆಂಟರ್ ಕೆಲಸ ಹಿಡಿಯುತ್ತಿವೆ. ಕಟ್ಟಡ ಅಮೆರಿಕದ ಕಂಪನಿಯದಾದರೂ ಕಟ್ಟುವ ವಿದ್ಯೆ ಊರಿನವರಲ್ಲೇ ಉಳಿಯಿತು.

ಕಟ್ಟಿ ಮುಗಿದ ಮೇಲಿನ ಮಾತು ಬೇರೆ. ಕಟ್ಟುವಾಗ ನೂರಾರು ಜನ ಓಡಾಡುವ ಜಾಗದಲ್ಲಿ ಆಮೇಲೆ ಉಳಿಯುವವರು ಕೆಲವೇ ತಂತ್ರಜ್ಞರು, ಕಾವಲಿನವರು. ಹೂಡಿಕೆ ತರುವ ಸರ್ಕಾರಿ ಸಂಸ್ಥೆ ಐಡಿಎ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ರಿಂದ ಈ ಉದ್ಯಮ ಐರ್ಲೆಂಡಿನ ಆರ್ಥಿಕತೆಗೆ ತಂದದ್ದು 713 ಕೋಟಿ ಯೂರೋ. ಅಂಕಿ ದೊಡ್ಡದೇ. ಆದರೆ ಹೂಡಿಕೆ ಬೇರೆ, ಆದಾಯ ಬೇರೆ. ಡೇಟಾ ಸೆಂಟರ್‌ಗೆ ಬೀಳುವ ದುಡ್ಡಿನಲ್ಲಿ ದೊಡ್ಡ ಪಾಲು ಸರ್ವರ್, ಚಿಪ್‌ಗಳದು. ಅವು ಬರುವುದು ಹೊರದೇಶದಿಂದ. ಜಿಡಿಪಿ ಲೆಕ್ಕದಲ್ಲಿ ಒಂದು ಕಡೆ ಹೂಡಿಕೆ ಎಂದು ಕೂಡಿದ್ದನ್ನು ಇನ್ನೊಂದು ಕಡೆ ಆಮದು ಎಂದು ಕಳೆಯಬೇಕು. ಅದೂ ಅಲ್ಲದೆ ಐರ್ಲೆಂಡಿನ ಜಿಡಿಪಿಯನ್ನು ಐರ್ಲೆಂಡಿನವರೇ ನಂಬುವುದಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಅಲ್ಲಿಗೆ ವರ್ಗಾಯಿಸಿದ್ದರಿಂದ 2015ರ ಬೆಳವಣಿಗೆ ಶೇ 26 ಎಂದು ಪ್ರಕಟವಾಗಿ, ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಅದನ್ನು ಗೇಲಿ ಮಾಡಿದ್ದರು. ಅದರ ನಂತರ ಅಲ್ಲಿನ ಅಂಕಿಅಂಶ ಇಲಾಖೆ ಇಂಥ ಊತವನ್ನು ಕಳೆದು ತೋರಿಸುವ ಬೇರೆಯೇ ಮಾಪಕ ತಯಾರಿಸಬೇಕಾಯಿತು.

ಸರ್ಕಾರದ ಬಲವಾದ ವಾದ ತೆರಿಗೆಯದು. ಕಂಪನಿ ತೆರಿಗೆ 2014ರಲ್ಲಿ ಸುಮಾರು 460 ಕೋಟಿ ಯೂರೋ ಇದ್ದದ್ದು 2024ರಲ್ಲಿ, ಆ್ಯಪಲ್‌ನಿಂದ ಬಂದ ಹಳೆಯ ಬಾಕಿಯನ್ನು ಬಿಟ್ಟೂ, 2,800 ಕೋಟಿ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟುವುದು ಹತ್ತೇ ಕಂಪನಿಗಳು. ಡೇಟಾ ಸೆಂಟರ್ ಬೇಡ ಎಂದರೆ ಈ ಕಂಪನಿಗಳು ಮುನಿಸಿಕೊಂಡು ಹೋದಾವು ಎಂಬ ಅಂಜಿಕೆ ಡಬ್ಲಿನ್‌ನ ಅಧಿಕಾರಿಗಳಿಗೆ ಸದಾ ಇತ್ತು.

ಈ ಅಂಜಿಕೆ ಎಷ್ಟು ನಿಜ ಎಂಬುದಕ್ಕೆ ಅಥೆನ್‌ರೈ ಎಂಬ ಸಣ್ಣ ಊರಿನ ಪ್ರಕರಣ ನೋಡಬೇಕು. 2015ರ ಫೆಬ್ರುವರಿಯಲ್ಲಿ ಆ್ಯಪಲ್ ಕಂಪನಿ ಗಾಲ್ವೇ ಜಿಲ್ಲೆಯ ಈ ಊರಿನ ಪಕ್ಕದ ಕಾಡಿನಲ್ಲಿ 85 ಕೋಟಿ ಯೂರೋ ವೆಚ್ಚದ ಡೇಟಾ ಸೆಂಟರ್ ಘೋಷಿಸಿತು. ಜೊತೆಗೇ ಡೆನ್ಮಾರ್ಕಿನ ವೀಬೋರ್ಗ್‌ನಲ್ಲಿ ಇನ್ನೊಂದು. ಅಥೆನ್‌ರೈನಲ್ಲಿ ಆಕ್ಷೇಪಣೆ, ಮೇಲ್ಮನವಿ, ಕೋರ್ಟು ಎಂದು ವರ್ಷಗಳು ಉರುಳಿದವು. ಆ್ಯಪಲ್ ಬರಲಿ ಎಂದು ಊರವರೇ ಮೆರವಣಿಗೆ ಮಾಡಿದರು. 2018ರ ಮೇ ತಿಂಗಳಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ವೀಬೋರ್ಗ್‌ನದು ಮಾತ್ರ ಎದ್ದು ನಿಂತಿತು. ಇದನ್ನು ಐರ್ಲೆಂಡಿನ ಸೋಲು ಎಂದು ಬಣ್ಣಿಸಿದವರೇ ಹೆಚ್ಚು. ಆದರೆ ಆ್ಯಪಲ್‌ನ ಯುರೋಪ್ ಕೇಂದ್ರ ಕಚೇರಿ ಕಾರ್ಕ್ ನಗರ ಬಿಟ್ಟು ಕದಲಲಿಲ್ಲ. ತೆರಿಗೆಯೂ ಅಲ್ಲಿಯೇ ಉಳಿಯಿತು. ಸರ್ವರ್ ಒಂದು ದೇಶದಲ್ಲಿ, ಲಾಭದ ಲೆಕ್ಕ ಇನ್ನೊಂದರಲ್ಲಿ ಇರಬಹುದು ಎಂದಾಯಿತು. ಡೇಟಾ ಸೆಂಟರ್‌ಗೂ ತೆರಿಗೆಗೂ ಗಂಟು ಹಾಕುವ ವಾದ ಈ ಒಂದು ಪ್ರಕರಣದಿಂದಲೇ ಸಡಿಲವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಇನ್ನು ಕರೆಂಟು. 2015ರಲ್ಲಿ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 124 ಕೋಟಿ ಯೂನಿಟ್, ದೇಶದ ಬಳಕೆಯ ಶೇ 5. 2024ಕ್ಕೆ ಅದು ಸುಮಾರು 697 ಕೋಟಿ ಯೂನಿಟ್, ಶೇ 22. ಬಹುಪಾಲು ಡಬ್ಲಿನ್ ಸುತ್ತಲೇ. ಹೊಸ ವಿದ್ಯುತ್ ಸ್ಥಾವರಗಳು, ಲೈನ್‌ಗಳು ಇದೇ ವೇಗದಲ್ಲಿ ಬರಲಿಲ್ಲ. 2021ರ ಹೊತ್ತಿಗೆ ಪೂರೈಕೆ ಬಿಗಿಯಾಗಿ ಎಚ್ಚರಿಕೆಗಳು ಮೇಲಿಂದ ಮೇಲೆ ಬಂದವು. ತುರ್ತು ಜನರೇಟರ್‌ಗಳಿಗಾಗಿ ಸರ್ಕಾರ ಓಡಾಡಿತು. ಆ ವರ್ಷದ ನವೆಂಬರ್‌ನಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಬಿಗಿ ನಿಯಮ ತಂದಿತು. ಗ್ರಿಡ್ ನಡೆಸುವ ಐರ್‌ಗ್ರಿಡ್ 2028ರವರೆಗೆ ಡಬ್ಲಿನ್‌ನಲ್ಲಿ ಹೊಸ ಡೇಟಾ ಸೆಂಟರ್ ಸಂಪರ್ಕ ಸಿಗುವುದು ಕಷ್ಟ ಎಂದಿತು. ಕೆಲವು ಕಂಪನಿಗಳು ತಾವೇ ಕರೆಂಟು ಉತ್ಪಾದಿಸಿಕೊಳ್ಳಲು ಗ್ಯಾಸ್ ಪೈಪ್‌ಲೈನಿನ ಕಡೆ ಮುಖ ಮಾಡಿದವು.

ಇದರ ನಡುವೆ ಹೊರಬಿದ್ದ ಒಂದು ಸಂಗತಿ ಜನರನ್ನು ಕೆರಳಿಸಿತು. 2010ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ದೊಡ್ಡ ಬಳಕೆದಾರ ಉದ್ಯಮಗಳು ಉಳಿಯಲಿ ಎಂದು ವಿದ್ಯುತ್ ಜಾಲದ ಶುಲ್ಕದಲ್ಲಿ ವರ್ಷಕ್ಕೆ ಸುಮಾರು 5 ಕೋಟಿ ಯೂರೋ ಹೊರೆಯನ್ನು ಮನೆಗಳ ಬಿಲ್ಲಿಗೆ ದಾಟಿಸಿದ್ದರು. ಡೇಟಾ ಸೆಂಟರ್‌ಗಳೂ ಆ ದೊಡ್ಡ ಬಳಕೆದಾರರ ಸಾಲಿನಲ್ಲಿದ್ದವು. ಕುಸಿತ ಮುಗಿದು ದೇಶ ಚೇತರಿಸಿಕೊಂಡರೂ ಈ ಏರ್ಪಾಡು 2022ರವರೆಗೆ ನಡೆದೇ ಇತ್ತು. ಗ್ಯಾಸ್ ಬೆಲೆ ಗಗನಕ್ಕೇರಿದ ವರ್ಷವೂ ಅದೇ.

ಸ್ಥಳೀಯ ರಾಜಕೀಯಕ್ಕೂ ಬಿಸಿ ತಟ್ಟಿತು. 2022ರಲ್ಲಿ ಸೌತ್ ಡಬ್ಲಿನ್ ಕೌಂಟಿ ಕೌನ್ಸಿಲ್ ತನ್ನ ಯೋಜನೆಯಲ್ಲಿ ಹೊಸ ಡೇಟಾ ಸೆಂಟರ್‌ಗಳನ್ನು ನಿಷೇಧಿಸಿತು. ಸರ್ಕಾರ ಅದನ್ನು ತೆಗೆಸಿತು. 2024ರ ಆಗಸ್ಟ್‌ನಲ್ಲಿ ಗ್ರೇಂಜ್ ಕ್ಯಾಸಲ್‌ನ ಗೂಗಲ್ ವಿಸ್ತರಣೆಗೆ ಅದೇ ಕೌನ್ಸಿಲ್ ಅನುಮತಿ ನಿರಾಕರಿಸಿತು, ಗ್ರಿಡ್‌ನಲ್ಲಿ ಸಾಮರ್ಥ್ಯವಿಲ್ಲ ಎಂದು. ಇದೇ ಕೌನ್ಸಿಲ್ಲಿನ ಟ್ಯಾಲಾದಲ್ಲಿ ಅಮೆಜಾನ್ ಡೇಟಾ ಸೆಂಟರ್‌ನ ಬಿಸಿಯನ್ನು ಹೀಟ್ ಪಂಪ್‌ನಿಂದ ಏರಿಸಿ ಕೌನ್ಸಿಲ್ ಕಟ್ಟಡಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ಕೊಡುತ್ತಾರೆ. ಚೆಂದದ ಕೆಲಸವೇ, ಆದರೆ ಒಟ್ಟು ಬಳಕೆಯ ಮುಂದೆ ಸಾಸಿವೆಕಾಳಿನಷ್ಟು.

ನಮ್ಮಲ್ಲಿ ಈ ಚರ್ಚೆ ಈಗಷ್ಟೇ ಕಣ್ಣುಬಿಟ್ಟಿದೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಹೇಳಿದಾಗ, ಅದು ಬೆಂಗಳೂರಿನ ಕೈತಪ್ಪಿತು ಎಂದವರಿಗೆ ಸಚಿವ ಪ್ರಿಯಾಂಕ್ ಖರ್ಗೆ, ಆಂಧ್ರ ಕೊಟ್ಟ ರಿಯಾಯಿತಿಗಳ ಮೊತ್ತ 22,000 ಕೋಟಿ ರೂಪಾಯಿ ಎಂದು ಬೊಟ್ಟು ಮಾಡಿದರು. ಹಾಗೆಂದು ಕರ್ನಾಟಕ ಈ ಪೈಪೋಟಿಯಿಂದ ಹೊರಗೇನೂ ಇಲ್ಲ. 2022–27ರ ನಮ್ಮ ಡೇಟಾ ಸೆಂಟರ್ ನೀತಿಯಲ್ಲೂ ರಿಯಾಯಿತಿಗಳಿವೆ. ಐರ್ಲೆಂಡಿಗೆ ಸಿಕ್ಕ ಪುಕ್ಕಟೆ ತಂಪುಗಾಳಿ ವಿಶಾಖಪಟ್ಟಣಕ್ಕಿಲ್ಲ. ಅಲ್ಲಿ ತಂಪಿಗೆ ಕರೆಂಟನ್ನೋ ನೀರನ್ನೋ ಸುರಿಯಲೇಬೇಕು.

2025ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ವಿದ್ಯುತ್ ನಿಯಂತ್ರಣ ಆಯೋಗ ಹೊಸ ಸಂಪರ್ಕ ನೀತಿ ಪ್ರಕಟಿಸಿತು. ಬರುವ ಡೇಟಾ ಸೆಂಟರ್ ತಾನು ಕೇಳುವಷ್ಟು ಸಾಮರ್ಥ್ಯದ ವಿದ್ಯುತ್ ಉತ್ಪಾದನೆಯನ್ನೋ ಬ್ಯಾಟರಿಯನ್ನೋ ತನ್ನ ಅಂಗಳದಲ್ಲಿ ಇಲ್ಲವೇ ಹತ್ತಿರದಲ್ಲಿ ಹೊಂದಿರಬೇಕು. ಅಗತ್ಯ ಬಿದ್ದಾಗ ಅದನ್ನು ದೇಶದ ವಿದ್ಯುತ್ ಮಾರುಕಟ್ಟೆಗೆ ಒದಗಿಸಬೇಕು. ವರ್ಷದ ಬಳಕೆಯ ಶೇ 80ರಷ್ಟಕ್ಕೆ ದೇಶದೊಳಗಿನ ನವೀಕರಿಸಬಹುದಾದ ಮೂಲ ತೋರಿಸಬೇಕು. ಹದಿನೈದು ವರ್ಷ ಎಲ್ಲರ ತಲೆಗೂ ಹಂಚಿದ್ದ ಖರ್ಚಿನ ಒಂದು ಭಾಗವನ್ನು ಹೂಡಿಕೆದಾರರ ಖಾತೆಗೆ ಬರೆಯುವ ಗಂಭೀರ ಪ್ರಯತ್ನ ಇದು. ಆದರೆ ನಿಯಮ ಹೊಸ ಸಂಪರ್ಕ ಕೇಳುವವರಿಗೆ ಮಾತ್ರ. ಹಳೆಯ ಒಪ್ಪಂದ ಕೈಯಲ್ಲಿರುವವರು ಬರೆಸಿಕೊಂಡ ಸಾಮರ್ಥ್ಯವನ್ನೆಲ್ಲ ಇನ್ನೂ ಬಳಸಿ ಮುಗಿಸಿಲ್ಲ, ಅವರು ಅದನ್ನು ಬಳಸುತ್ತಾ ಹೋಗುವುದು ಹಳೆಯ ಷರತ್ತಿನ ಮೇಲೆಯೇ.